ರೇಣುಕಯ್ಯನ ಅಸಲಿ ಸಾವು

ಭಾನುವಾರ ಬೆಳಿಗ್ಗೆ ಮಾಳಿಗೆಯ ಮೇಲೆ ಹಲ್ಲುಜ್ಜುತ್ತ ಮೊಬೈಲು ನೋಡುತ್ತಿದ್ದ ರೇಣುಕಯ್ಯನ ನೆತ್ತಿಗೆ ಕಾಗೆಯೊಂದು ಬಡಿದು ಹಾರಿಹೋಯಿತು. ಗಾಯವೇನೂ ಆಗಲಿಲ್ಲ. ಆದರೆ ಪಕ್ಕದ ಮಾಳಿಗೆಯಲ್ಲಿ ಸಂಡಿಗೆ ಇಡುತ್ತಿದ್ದ ಅಶ್ವತ್ಥಮ್ಮ ಅದನ್ನು ನೋಡಿಬಿಟ್ಟಳು.

"ಅಯ್ಯೋ ಶಿವನೇ! ಶನಿ ತಲೆ ಮುಟ್ತು ಕಣಪ್ಪೋ! ಇದು ಸಾವಿನ ಸೂಚನೆ. ಬಿರ್ರನೆ ನೆಂಟ್ರಿಗೆ ಸತ್ತೋದೆ ಅಂತ ಸುದ್ದಿ ಕಳ್ಸು. ನಿನ್ನೋರು ಅನ್ನೋರು ಒಬ್ರಾದ್ರೂ ನಿಜವಾಗಿ ಅಳಬೇಕು. ಅತ್ರೆ ದೋಷ ಹೋಯ್ತು. ಅಳದಿದ್ರೆ ನೀನೇ ಹೋದೆ!"

ಮಧುಗಿರಿಯ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಬಿಡಿಸಿ ತೋರಿಸುವ ರೇಣುಕಯ್ಯನಿಗೆ ಒಂದೇ ಚಟ. 'ನಿಜವಾದ ಸಾವುಗಳು, ಗುಂಡಿಗೆ ಗಟ್ಟಿ ಇದ್ದವರಿಗೆ ಮಾತ್ರ' ಅಂತ ಬರುವ ವಿಡಿಯೋಗಳನ್ನು ನೋಡುವುದು, ನೋಡಿ ತಪ್ಪು ಹುಡುಕುವುದು. ಊಟದ ತಟ್ಟೆಗೆ ಮೊಬೈಲು ಒರಗಿಸಿಕೊಂಡು, "ನೋಡೇ, ಹೆಣದ ರೆಪ್ಪೆ ಆಡ್ತು. ಡೂಪು!" ಎನ್ನುವನು. ಹೆಂಡತಿ ವನಜಾಕ್ಷಿ ಎಷ್ಟು ದಿನ ಅಂತ ತಡೆದಾಳು? ಯುಗಾದಿ ಕಳೆದದ್ದೇ ಪಾವಗಡದ ತವರಿಗೆ ಹೋದವಳು ತಿರುಗಿ ನೋಡಿರಲಿಲ್ಲ. ಇಷ್ಟು ಸಾವು ನೋಡಿ ಒಂದನ್ನೂ ನಂಬದ ಪುಣ್ಯಾತ್ಮ, ಕಾಗೆಯನ್ನು ಮಾತ್ರ ನಂಬಿಬಿಟ್ಟ. ತನಗಾಗಿ ಅಳುವವರು ಯಾರಿದ್ದಾರೆ ಎಂದು ಲೆಕ್ಕ ಹಾಕಿದರೆ ಕೊಳಾಲದ ಸೋದರತ್ತೆ ಮತ್ತು ವನಜಾಕ್ಷಿ, ಇಬ್ಬರೇ.

ಸಾವಿನ ಸುದ್ದಿ ಮುಟ್ಟಿಸಲು ಮದುವೆ ವಿಡಿಯೋ ತೆಗೆಯುವ ಗೆಳೆಯ ಜಯಕುಮಾರ್ ಬಂದ. ಮೊದಲು ಸೋದರತ್ತೆಗೆ ಫೋನು ಹೋಯಿತು.

"ಕಾಗೆ ಮುಟ್ತೇನಪ್ಪಾ?" ಎಂದಳು ಆಕೆ, ಕೊಂಚವೂ ಗಾಬರಿಯಿಲ್ಲದೆ. "ಎಡಕ್ಕಾ ಬಲಕ್ಕಾ? ಸೀರಿಯಲ್ ಬರ್ತಾ ಅದೆ, ಮುಗೀಲಿ. ಆಮೇಲೆ ಅಳ್ತೀನಿ ಬುಡು."

ವನಜಾಕ್ಷಿಯ ತಮ್ಮ ಗೌರೀಶ್ ಇನ್ನೂ ಗಟ್ಟಿ ಆಸಾಮಿ. "ಡೂಪು ಕಣಣ್ಣ! ಕಣ್ಣಾರೆ ಕಾಣದೆ ಯಾವ ಸಾವನ್ನೂ ನಂಬಬ್ಯಾಡ ಅಂತ ಭಾವನೇ ಹೇಳ್ಕೊಟ್ಟವ್ರೆ. ವಿಡಿಯೋ ಹಾಕು, ನೋಡಾನ."

ತಾನು ತೋಡಿದ ಗುಂಡಿಗೆ ತಾನೇ ಬಿದ್ದ ರೇಣುಕಯ್ಯ ಚಾಪೆ ಹಾಸಿ ಸತ್ತು ಮಲಗಿದ. ಜಯಕುಮಾರ್ ಕ್ಯಾಮೆರಾ ಹಿಡಿದ. ಅಶ್ವತ್ಥಮ್ಮ ರಾಗ ತೆಗೆದಳು. ಅಷ್ಟರಲ್ಲಿ ಹೆಣ ಎದ್ದು ಕೂತಿತು.

"ಥೂ, ನಿಲ್ಸ್ರಲೇ! ನಮ್ಮೋರಲ್ಲಿ ಹೆಣ ಮಲಗಿಸ್ತಾರಾ? ಕೂರಿಸ್ತಾರೆ. ಇದನ್ನ ನೋಡಿದ್ರೆ ಅತ್ತೆ ಮನೆಯೋರು ಉಗೀತಾರೆ!"

ಸರಿ, ಗೋಡೆಗೆ ಒರಗಿಸಿ ಕೂರಿಸಿದ್ದಾಯಿತು. ಬೀಳದ ಹಾಗೆ ಪಂಚೆಯಿಂದ ಕಿಟಕಿಯ ಸರಳಿಗೆ ಕಟ್ಟಿದರು, ಗದ್ದಕ್ಕೊಂದು ಬಟ್ಟೆ ಬಿಗಿದರು, ಮೈಗೆಲ್ಲ ವಿಭೂತಿ ಬಳಿದರು. ವಿಭೂತಿ ಮೂಗಿಗೆ ಹೋಗಿ ಹೆಣ ಸೀನಿತು. ಇನ್ನೊಂದು ಸಲ ಹೊಟ್ಟೆ ಕುಲುಮೆ ತಿದಿಯ ಹಾಗೆ ಏರಿಳಿಯಿತು. ಮತ್ತೊಂದು ಸಲ ಅಶ್ವತ್ಥಮ್ಮನಿಗೆ ತೀರಿಹೋದ ತನ್ನ ಗಂಡನ ನೆನಪಾಗಿ ಅಳು ನಿಜವಾಗಿಯೇ ಕಿತ್ತುಕೊಂಡು ಬಂತು. ಅದನ್ನು ಕೇಳಿ, ನನ್ನವಳೂ ಹೀಗೇ ಅಳುತ್ತಾಳಲ್ಲ ಎಂದು ರೇಣುಕಯ್ಯನ ಕರುಳು ಚುರ್ರೆಂದಿತು. ಉಸಿರು ತಾನಾಗಿ ನಿಂತು ಕತ್ತು ವಾಲಿತು.

"ಇದು ಅಸಲಿ ಕಣಣ್ಣ!" ಎಂದು ಜಯಕುಮಾರ್ ವಿಡಿಯೋ ಕಳಿಸಿಯೇಬಿಟ್ಟ.

ಸ್ವಲ್ಪ ಹೊತ್ತಿಗೆ ಗೌರೀಶನ ಫೋನು ಬಂತು. ದನಿ ನಡುಗುತ್ತಿತ್ತು. "ಭಾವ ಹೇಳ್ಕೊಟ್ಟಂಗೇ ರೆಪ್ಪೆ ನೋಡ್ದೆ, ಎದೆ ನೋಡ್ದೆ. ಡೂಪಲ್ಲ ಕಣಣ್ಣ. ಗಾಡಿ ಸಿಗ್ತಿದ್ದಂಗೇ ಮಣ್ಣಿಗೆ ಬರ್ತೀವಿ. ಅಕ್ಕ ಮಾತ್ರ ಅಳ್ತಾನೇ ಇಲ್ಲ. ಸುಮ್ಕೆ ಕೂತವ್ಳೆ."

"ದುಃಖ ಒಳಗೇ ಹೆಪ್ಪುಗಟ್ಟಿದೆ," ಎಂದಳು ಅಶ್ವತ್ಥಮ್ಮ. "ಅಳದಿದ್ರೆ ನಿನ್ನ ದೋಷವೂ ಹೋಗಲ್ಲ, ಅವಳ ಎದೆಯೂ ಒಡೀತದೆ."

ರೇಣುಕಯ್ಯನ ಕಣ್ಣು ತುಂಬಿ ಬಂತು. ಇಂಥ ಹೆಂಡತಿಯ ಮುಂದೆ ಹೆಣಗಳ ಪಂಚಾಯ್ತಿ ಮಾಡಿದೆನಲ್ಲ, ಪಾಪಿ ನಾನು! ನಿಜ ಹೇಳೋಣವೆಂದು ತಾನೇ ಫೋನು ಮಾಡಿದ. ಸತ್ತ ಭಾವನ ನಂಬರು ಕಂಡ ಗೌರೀಶ ಫೋನನ್ನೇ ಆಫ್ ಮಾಡಿದ. ಬೇರೆ ದಾರಿಯಿಲ್ಲದೆ ರೇಣುಕಯ್ಯ ಪಾವಗಡದ ಬಸ್ಸು ಹತ್ತಿದ. ಮುಖದ ವಿಭೂತಿಯನ್ನೂ ತೊಳೆದಿರಲಿಲ್ಲ. ದಾರಿಯುದ್ದಕ್ಕೂ ಕಲ್ಲಾಗಿ ಕೂತ ವನಜಾಕ್ಷಿಯೇ ಕಣ್ಣ ಮುಂದೆ. ಲೋಕದಲ್ಲಿ ನನಗೂ ಒಬ್ಬಳಿದ್ದಾಳೆ ಎಂದು ಅವನಿಗೆ ಎಂದೂ ಇಲ್ಲದ ಸಮಾಧಾನ.

ಬಾಗಿಲಲ್ಲಿದ್ದ ವನಜಾಕ್ಷಿಯ ತಾಯಿ ಈಶ್ವರಮ್ಮ ಅಳಿಯನನ್ನು ಕಂಡದ್ದೇ, "ದೆಯ್ಯಂ! ದೆಯ್ಯಂ ವಚ್ಚಿಂದಿ ರೋ!" ಎಂದು ತೆಲುಗಿನಲ್ಲಿ ದೆವ್ವವನ್ನು ಸಾರುತ್ತ ಹಿತ್ತಲಿಗೆ ಓಡಿದಳು.

ನಡುಮನೆಯಲ್ಲಿ ವನಜಾಕ್ಷಿ ನೆಮ್ಮದಿಯಾಗಿ ಕೂತು ಮುದ್ದೆ ಮುರಿಯುತ್ತಿದ್ದಳು. ಪಕ್ಕದಲ್ಲಿ ಇನ್ನೊಂದು ಮುದ್ದೆ ಕಾದಿತ್ತು. ತಲೆ ಬಾಚಿ ಹೂ ಕೂಡ ಮುಡಿದಿದ್ದಳು. ತಲೆಯೆತ್ತಿ ಗಂಡನನ್ನು ಕಂಡಳು. ಕೈಯ ತುತ್ತು ಸಾರಿನೊಳಗೆ ಬಿತ್ತು. ತುಟಿ ನಡುಗಿತು, ಕಣ್ಣು ತುಂಬಿತು, ಹಣೆ ಬಡಿದುಕೊಂಡು ಹೋ ಎಂದು ಅಳತೊಡಗಿದಳು.

ರೇಣುಕಯ್ಯ ಎರಡೂ ಕೈ ಚಾಚಿದ. "ಅಳಬ್ಯಾಡ ಕಣೇ, ನಾನು ಸತ್ತಿಲ್ಲ! ಆ ವಿಡಿಯೋ ಡೂಪು!"

"ಅದಕ್ಕೇ ಕಣ್ರೀ ಅಳ್ತಿರೋದು!" ಎಂದಳು ವನಜಾಕ್ಷಿ. "ಬೆಳಿಗ್ಗೆಯಿಂದ ನಂಬ್ಕಂಡು ಕೂತಿದ್ನಲ್ಲಪ್ಪೋ!"

ರೇಣುಕಯ್ಯ ಕಂಬಕ್ಕೆ ಒರಗಿ ಕೂತ. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಎತ್ತುವಾಗ ಬೆರಳು ತಾಗಿ ಸ್ಪೀಕರ್ ಆನ್ ಆಯಿತು.

"ಅತ್ಲೇನಪ್ಪಾ?" ಅಶ್ವತ್ಥಮ್ಮ ಕೇಳಿದಳು.

"ಅತ್ಲು ಕಣಕ್ಕ."

"ನಿಜವಾಗ್ಲೂ?"

"ನಿಜವಾಗ್ಲೂ."

"ಸದ್ಯ! ಗಂಡಾಂತರ ಕಳೀತು. ಇನ್ನು ನೂರು ವರ್ಷ ಬದುಕ್ತೀಯ ಬುಡು!"

ಅದು ಕಿವಿಗೆ ಬಿದ್ದದ್ದೇ ತಡ, ವನಜಾಕ್ಷಿ ಇನ್ನೂ ಜೋರಾಗಿ ಅತ್ತಳು.