ಓ ಎನ್ನದ ಫಾರಂ

ನಾವುಂದದ ಪ್ರೇಮಾನಂದ ಬರೆಯಲು ಮರೆತದ್ದು ಒಂದೇ ಒಂದು ಸಾಲು. ಅಡುಗೆಯವ ಉಪ್ಪು ಮರೆತರೆ ಒಂದು ಕೊಪ್ಪರಿಗೆ ಸಾರು ಕೆಡುತ್ತದೆ. ಇವನು ಮರೆತ ಸಾಲಿಗೆ ಹೆದ್ದಾರಿಯ ಆಚೆ ಈಚೆ ಎರಡೂ ಕಡೆಯ ಊರು ಕೆಟ್ಟಿತು.

ಹೆದ್ದಾರಿ ಬದಿಯಲ್ಲಿ ಅವನದೊಂದು ಕಂಪ್ಯೂಟರ್ ಅಂಗಡಿ. ಅಂಗಡಿ ಎಂದರೆ ಬೆಂಕಿಪೆಟ್ಟಿಗೆ. ಅವನು ಒಳಗೆ ಕೂತರೆ ಗಿರಾಕಿ ಹೊರಗೆ, ಗಿರಾಕಿ ಒಳಗೆ ಬಂದರೆ ಅವನು ಹೊರಗೆ. ಮಂದಿಯ ಅರ್ಜಿ ತುಂಬುತ್ತ, ಜೆರಾಕ್ಸ್ ಮಾಡುತ್ತ, ಬಿಡುವಿನಲ್ಲಿ ಮೊಬೈಲ್ ನೋಡಿ ನೋಡಿ ಪಿಎಚ್‌ಪಿ ಎಂಬ ವಿದ್ಯೆ ಕಲಿತಿದ್ದ. ವೆಬ್‌ಸೈಟಿನಲ್ಲಿ ಫಾರಂ ಮಾಡುವ ವಿದ್ಯೆ ಅದು. ವಿದ್ಯೆ ಬಂತು, ಹೆಣ್ಣು ಬರಲಿಲ್ಲ. ಅವನು ನೋಡಿ ಬಂದ ಹೆಣ್ಣುಗಳನ್ನು ಸಾಲಾಗಿ ನಿಲ್ಲಿಸಿದರೆ ಒಂದು ತುದಿ ಕಿರಿಮಂಜೇಶ್ವರದಲ್ಲಿ, ಇನ್ನೊಂದು ತುದಿ ಬೈಂದೂರು ರೈಲು ಸ್ಟೇಷನ್ನಿನಲ್ಲಿ.

ಆ ಸಾಲಿನ ಕಡೆಯವಳು ಅಕ್ಷಿತಾ. ಪುಣೆಯಲ್ಲಿ ಹೋಟೆಲು ನಡೆಸಿ ಊರಿಗೆ ಬಂದು ತಾರಸಿ ಮನೆ ಕಟ್ಟಿದ ಚಂದಯ್ಯನವರ ಕಿರಿಮಗಳು. ಹೆಣ್ಣು ನೋಡಲು ಹೋದ ದಿನ ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. "ಯೋಚ್ನಿ ಮಾಡಿ ಹೇಳ್ತೆ" ಎಂದು ಒಳಗೆ ಹೋದಳು. ಹೋಗುವಾಗ ಒಂದು ಸಲ ತಿರುಗಿ ನೋಡಿದಳು. ಆ ಒಂದು ನೋಟವನ್ನೇ ಪ್ರೇಮಾನಂದ ವಾರವಿಡೀ ಅನ್ನಕ್ಕೆ ಕಲಸಿಕೊಂಡು ಉಂಡ.

ಚಂದಯ್ಯನವರು ಮಾತ್ರ ಬಿಡಿಸಿ ಹೇಳಿದರು. "ಕಾಣಿ ಪ್ರೇಮಾನಂದ್ರೆ, ಬ್ರಹ್ಮಾವರದ ಟೈಲ್ಸ್ ಅಂಗ್ಡಿ ಶೈಲೇಶನ ಮನಿಯವ್ರೂ ಕೇಂಡ್ ಹೋಯಿರ್. ನಾನ್ ಇನ್ನೂ ಎಂತದೂ ಹೇಳ್ಲಿಲ್ಲ. ನಮ್ಮ್ ದೊಡ್ಡ್ ಮಗಳ ಮದಿಗೆ ಸಾವ್ರ ಜನಕ್ಕೆ ಅಡ್ಗಿ ಮಾಡ್ಸಿ, ಉಳ್ದ ಸಾಂಬಾರ್ ತೆಂಗಿನ್ ಬುಡಕ್ಕೆ ಹೊಯ್ದದ್. ಆ ಮರ ಇವತ್ತಿಗೂ ಖಾರದ ಕಾಯಿ ಬಿಡ್ತ್! ಈ ಸಲ ಹೊಸ ಮನಿ ಒಕ್ಲಿಗೆ ಎಷ್ಟ್ ಜನ ಬತ್ರ್ ಅಂದೇಳಿ ನಿಮ್ಮ್ ಕಂಪ್ಯೂಟ್ರಲ್ಲಿ ಲೆಕ್ಕ ಹಿಡೀನಿ. ಲೆಕ್ಕ ಸರಿ ಬಂದ್ರೆ ನನ್ನ್ ಒಪ್ಗಿ. ಮಗಳ್ ಒಪ್ಗಿ ಮಗಳ್ದ್."

ಪ್ರೇಮಾನಂದ ಫಾರಂ ಮಾಡಿ ಊರವರ ಮೊಬೈಲಿಗೆಲ್ಲ ಕಳಿಸಿದ. ಹೆಸರು, ಮನೆ, ಫೋನ್ ನಂಬರು, ಎಷ್ಟು ಜನ ಬರುತ್ತೀರಿ. ಕೆಳಗೆ 'ಮತ್ತೆ ಎಂತಾದ್ರೂ ಹೇಳೂಕಿದ್ರೆ ಹೇಳಿ' ಎಂದು ಒಂದು ಪೆಟ್ಟಿಗೆ. ಅದರ ಕೆಳಗೆ 'ಕಳಿಸಿ' ಎಂಬ ಗುಂಡಿ. ಗುಂಡಿ ಒತ್ತಿದರೆ ಬರೆದದ್ದೆಲ್ಲ ಅವನ ಕಂಪ್ಯೂಟರಿನ ಪಟ್ಟಿಗೆ ಬಂದು, ಹೊಸದು ಮೇಲೆ ಹಳೆಯದು ಕೆಳಗೆ, ಕೂರುತ್ತದೆ. ಪಿಎಚ್‌ಪಿ ಎಂದರೆ ಒಂದು ನಮೂನೆ ಮನೆಯಾಳು. ಅಂಗಳದಲ್ಲಿ ನಿಂತವರ ಕೈಯಿಂದ ಬುಟ್ಟಿ ತೆಗೆದುಕೊಂಡು ಒಳಗೆ ಇಡುತ್ತಾನೆ. ಆದರೆ ಹೊರಗೆ ಬಂದು 'ಇಟ್ಟೆ ಮಾರಾಯ್ರೆ' ಎನ್ನಬೇಕೆಂದು ಅವನಿಗೆ ಹೇಳಿಕೊಟ್ಟಿರಬೇಕು. ಪ್ರೇಮಾನಂದ ಹೇಳಿಕೊಡಲಿಲ್ಲ. ಮರೆತ ಸಾಲು ಅದೇ. ಒತ್ತಿದವರ ಮೊಬೈಲು ಸುಣ್ಣ ಹೊಡೆದ ಗೋಡೆಯ ಹಾಗೆ ಬಿಳಿಯಾಗಿ ಸುಮ್ಮನಾಗುತ್ತಿತ್ತು. ಪಟ್ಟಿಗೆ ಹೆಸರು ಬಿದ್ದದ್ದನ್ನು ಅಂಗಡಿಯಲ್ಲಿ ಕೂತು ಕಂಡ ಅವನಿಗೆ, ಒತ್ತಿದವರಿಗೆ ಏನು ಕಾಣುತ್ತದೆ ಎಂದು ನೋಡುವ ಬುದ್ಧಿ ಹೊಳೆಯಲಿಲ್ಲ.

ಗೃಹಪ್ರವೇಶದ ಒಕ್ಕಲಿನ ಹಿಂದಿನ ದಿನ ಬೆಳಿಗ್ಗೆ ಅಡುಗೆ ಮಂಜಯ್ಯ ಫೋನು ಮಾಡಿದ. "ಹ್ವಾಯ್, ಎಷ್ಟ್ ಜನ? ಅಕ್ಕಿ ತೆಗೂಕಿತ್."

ಪ್ರೇಮಾನಂದ ಪಟ್ಟಿ ತೆರೆದು ಕೂಡಿಸಿದ. ಒಂಬತ್ತು ಸಾವಿರ ಚಿಲ್ಲರೆ.

ಕನ್ನಡಕ ಒರೆಸಿ ಮತ್ತೆ ಕೂಡಿಸಿದ. ಅಷ್ಟರೊಳಗೆ ಇನ್ನೂ ಇನ್ನೂರು ಜನ ಬಂದು ಸೇರಿದ್ದರು. ಸತ್ತವರೂ ಎದ್ದು ಬಂದು ಎಲೆ ಹಾಕಿಕೊಂಡರೂ ನಾವುಂದದಲ್ಲಿ ಅಷ್ಟು ಮಂದಿ ಆಗಲಿಕ್ಕಿಲ್ಲ.

"ಎಷ್ಟಂಬ್ರ್?" ಎಂದ ಮಂಜಯ್ಯ.

"ಸ್ವಲ್ಪ... ಜಾಸ್ತಿ ಇತ್. ಮತ್ತೆ ಹೇಳ್ತೆ."

ಅಂಗಡಿಯ ಪಕ್ಕದಲ್ಲೇ ಗಿರಿಜಕ್ಕ ಮೀನು ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಪಟ್ಟಿಯಲ್ಲಿ ಅವಳು 'ಗಿರಿಜಾ', 'ಗಿರಿಜಕ್ಕ', 'ಮೀನಿನ ಗಿರಿಜ' ಎಂದು ಬಗೆಬಗೆಯ ವೇಷದಲ್ಲಿ ಕಾಣಿಸಿಕೊಂಡಿದ್ದಳು.

"ಅಕ್ಕಾ, ನಿಮ್ಮನಿಂದ ಎಷ್ಟ್ ಜನ ಬಪ್ಪುದ್?"

"ನಾನ್ ಮೊದ್ಲ್ ಎರ್ಡ್ ಜನ ಅಂದೇಳಿ ಹಾಕಿ ಒತ್ತಿದೆ ಮಗಾ. ಮೊಬೈಲ್ ಬೆಳಿ ಆಯ್ತ್. ಓ ಅನ್ಲಿಲ್ಲ. ಎರ್ಡ್ ಜನ ಸಾಕಾತಿಲ್ಯೋ ಏನೋ ಅಂದೇಳಿ ಐದ್ ಹಾಕ್ದೆ. ಆಗ್ಳೂ ಇಲ್ಲ. ಕಡಿಗೆ ಸಿಟ್ಟ್ ಬಂದ್ ಹದ್ನೈದ್ ಹಾಕ್ದೆ!"

"ಅಷ್ಟ್ ಸಲ ಒತ್ತುದ್ ಎಂತಕೆ?"

"ಎಂತಕಾ? ಹೊಳಿ ಈಚಿಂದ ದೋಣಿಯವನ್ ಕರ್ದ್ರೆ ಅವ ಓ ಅಂಬಲ್ಲಿವರಿಗೆ ಕರೀಕ್. ಓ ಅನ್ದಿದ್ರೆ ಕೆಮಿಗ್ ಬೀಳ್ಲಿಲ್ಲ ಅಂದೇ ಲೆಕ್ಕ. ನಿನ್ ಫಾರಂ ಕೆಪ್ಪನಾ?"

ಆಟೋ ನಿಲ್ಲಿಸಿಕೊಂಡು ಕೇಳುತ್ತಿದ್ದ ಡ್ರೈವರ್ ಗುಡ್ಡ ನಕ್ಕ. "ಹಳಬ್ರಿಗೆ ಗೊತ್ತಾತಿಲ್ಲ ಪ್ರೇಮಣ್ಣ. ನಾನ್ ಒತ್ತದ್ ಒಂದೇ ಸಲ. ಮತ್ತೆ ಉತ್ರ ಬಂತಾ ಅಂದೇಳಿ ಕಾಂಬುಕೆ ಬರೀ ರಿಫ್ರೆಶ್ ಮಾಡ್ತಾ ಇದ್ದೆ. ಮೊಬೈಲ್ ಎಂತದೋ ಇಂಗ್ಲಿಷಲ್ಲಿ ಕೇಂತ್, ನಾನ್ ಹೂಂ ಅಂತೆ. ಬೆಳಿಗ್ಗಿಂದ ಹೂಂ ಅಂದಂದೇ ಬೆರ್ಳ್ ಸವ್ದ್ ಹೋಯ್ತ್."

ಪ್ರೇಮಾನಂದ ತಲೆಯ ಮೇಲೆ ಕೈ ಇಟ್ಟ. ಮೊಬೈಲು ಕೇಳುತ್ತಿದ್ದದ್ದು 'ಅದೇ ಫಾರಂ ಇನ್ನೊಮ್ಮೆ ಕಳಿಸಲೇ' ಎಂದು. ಗುಡ್ಡನ ಒಂದೊಂದು ಹೂಂಗೆ ಅವನ ಮನೆಯ ಆರು ಜನ ಮತ್ತೆ ಮತ್ತೆ ಹುಟ್ಟಿ ಬಂದು ಪಂಕ್ತಿಯಲ್ಲಿ ಕೂತಿದ್ದರು.

ಅಂಗಡಿಗೆ ಓಡಿ ಬಂದು ಒಂದು ಉಪಾಯ ಮಾಡಿದ. ಒಂದು ಫೋನ್ ನಂಬರಿಗೆ ಒಂದೇ ಸಲ ಲೆಕ್ಕ, ಉಳಿದದ್ದೆಲ್ಲ ಹೊರಗೆ. ಒಂಬತ್ತು ಸಾವಿರ ಇದ್ದದ್ದು ಗಾಳಿ ಹೋದ ಬೆಲೂನಿನ ಹಾಗೆ ಎಪ್ಪತ್ತಕ್ಕೆ ಇಳಿಯಿತು. ಅವನ ಹೆಗಲ ಮೇಲಿಂದ ಇಣುಕಿದ ಗುಡ್ಡ, "ಹೋ, ಕಡಲ್ ಬದಿ ಕೇರಿಯಿಂದ ವಿನಯಕ್ಕ ಒಬ್ಳೇ ಅಂಬ್ರಲೆ! ಉಳ್ದವ್ರ್ ಬೇಡ್ದಾ?" ಎಂದವನೇ ಆಟೋ ಹತ್ತಿ ಹೋದ. ಅವನ ಆಟೋ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತು.

ವಿನಯಾ ಆ ಕೇರಿಯ ಸ್ತ್ರೀಶಕ್ತಿ ಸಂಘದವಳು. ಇಡೀ ಕೇರಿಯವರ ಫಾರಂ ತುಂಬಿ ಕೊಟ್ಟವಳು ಅವಳೇ, ತನ್ನದೇ ಒಂದು ಮೊಬೈಲಿನಿಂದ. ಸೆರಗು ಸಿಕ್ಕಿಸಿಕೊಂಡು ಬಂದು ಅಂಗಡಿಯ ಮುಂದೆ ನಿಂತಳು.

"ಹ್ವಾಯ್ ಪ್ರೇಮಣ್ಣಾ, ನಮ್ಮ್ ಕೇರಿಯವ್ರ್ ಅನ್ನ ತಿಂಬುದಿಲ್ಯಾ? ಚಂದಯ್ಯ ಪುಣೆಗ್ ಹೋಪತಿಗೆ ಬಸ್ಸಿಗ್ ಹತ್ಸದ್ ನಮ್ಮಪ್ಪ! ಈಗ ನಮ್ಮ್ ಹೆಸ್ರ್ ತೆಗ್ದ್ ಹಾಕೂದಾ?"

"ಅಯ್ಯೋ ವಿನಯಕ್ಕ, ತೆಗ್ದದ್ ಅವ್ರಲ್ಲ, ನಾನ್."

"ನೀನಾ? ಅಳಿಯ ಆಪುಕ್ ಮೊದ್ಲೇ ಇಷ್ಟ್ ಅಧಿಕಾರನಾ?"

ಅಲ್ಲಿಂದ ಅವನ ಫೋನು ಬಾಯಿ ಮುಚ್ಚಲಿಲ್ಲ. ಬಿಟ್ಟುಹೋದವರು, ಎರಡು ಸಲ ಬಂದವರು, ಬರುವುದೇ ಇಲ್ಲ ಎನ್ನುವವರು, ಯಾಕೆ ಬರುವುದಿಲ್ಲ ಎಂದು ಕಾರಣ ಹೇಳುವವರು. ನಡುವೆ ಚಂದಯ್ಯನವರದೂ ಬಂತು. "ಪ್ರೇಮಾನಂದ್ರೆ, ನಾನ್ ಕಡಲ್ ಕೇರಿಯವ್ರನ್ನ್ ಬಿಟ್ಟಿದೆ ಅಂದೇಳಿ ಊರಲ್ಲೆಲ್ಲ ಸುದ್ದಿ. ದೀಪ ಹಚ್ಚೂದ್ರೊಳ್ಗೆ ಲೆಕ್ಕ ಸರಿ ಆಯ್ಕ್. ಇಲ್ದಿದ್ರೆ..."

ಆ 'ಇಲ್ದಿದ್ರೆ'ಯ ಮುಂದೆ ಪ್ರೇಮಾನಂದನಿಗೆ ಬ್ರಹ್ಮಾವರದ ಟೈಲ್ಸು ಫಳಫಳ ಹೊಳೆದದ್ದು ಕಾಣಿಸಿತು.

ಮತ್ತೆ ಪಟ್ಟಿ ತೆರೆದ. ಕೆಳಗಿನ ಪೆಟ್ಟಿಗೆಯಲ್ಲಿ ಊರವರು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೊಯ್ದಿದ್ದರು. 'ಉಪ್ಪಿನಕಾಯಿ ಎರಡು ಸಲ ಬಡಿಸಿ.' 'ಪಾಯಸಕ್ಕೆ ಗೋಡಂಬಿ ಕಾಣುವ ಹಾಗೆ ಹಾಕಿ.' 'ನಮ್ಮ ಬೀದಿ ದೀಪ ಹೋಗಿದೆ.' ಅವುಗಳ ನಡುವೆ ಒಂದು ವಿಚಿತ್ರ. ಹೆಸರಿಲ್ಲ, ಮನೆಯಿಲ್ಲ, ಫೋನ್ ನಂಬರಿಲ್ಲ, 'ಎಷ್ಟು ಜನ' ಎಂಬಲ್ಲಿ ಸೊನ್ನೆ. ಪೆಟ್ಟಿಗೆಯಲ್ಲಿ ಮಾತ್ರ 'ಒಂದ್ ಓ ಅನ್ನಿ ಮಾರಾಯ್ರೆ.' ಅದರ ಕೆಳಗೆ ಮತ್ತೊಂದು ಸೊನ್ನೆ, 'ಓ ಅನ್ನಿ.' ಮತ್ತೂ ಕೆಳಗೆ ಸೊನ್ನೆಯ ಸಾಲೇ ಸಾಲು, ಮೀನು ಬಲೆಯಂಚಿಗೆ ಕಟ್ಟಿದ ಬೆಂಡಿನ ಹಾಗೆ.

"ಸೊನ್ನೆ ಜನ ಬಪ್ಪುದ್ ಹ್ಯಾಂಗ್? ಇದ್ ಮನ್ಷ್ಯರಲ್ಲ, ರೋಬೋಟ್" ಎಂದುಕೊಂಡ. ಇಂಟರ್ನೆಟ್ಟಿನಲ್ಲಿ ರೋಬೋಟುಗಳು ಸಿಕ್ಕಿದ ಫಾರಮ್ಮಿಗೆಲ್ಲ ಕಸ ತುಂಬುತ್ತವೆ ಎಂದು ಅವನು ಕಲಿತಿದ್ದ. ಸೊನ್ನೆ ತೆಗೆದರೆ ಲೆಕ್ಕಕ್ಕೆ ನಷ್ಟವೂ ಇಲ್ಲ. ಕೆಳಗಿನವನ್ನು ಓದುವ ತಾಳ್ಮೆಯಿಲ್ಲದೆ ಸೊನ್ನೆಗಳನ್ನೆಲ್ಲ ಒಂದೇ ಏಟಿಗೆ ಅಳಿಸಿ ಹಾಕಿದ. ಇಡೀ ದಿನದಲ್ಲಿ ಅವನಿಗೆ ಸಮಾಧಾನ ಕೊಟ್ಟ ಕೆಲಸ ಅದೊಂದೇ.

ಆಮೇಲೆ ಕಂಪ್ಯೂಟರ್ ಮುಚ್ಚಿ ಸ್ಕೂಟರ್ ಹತ್ತಿದ. ಮನೆ ಮನೆಗೆ ಹೋಗಿ ಕೇಳುವುದೇ ಸೈ ಎಂದು ಹೊರಟ.

ನಮ್ಮ ಕಡೆ ಅಂಗಳಕ್ಕೆ ಬಂದವನನ್ನು ಆಸ್ರಿ ಕುಡಿಸದೆ ಕಳಿಸುವುದುಂಟೇ? ಮೊದಲ ಮನೆಯಲ್ಲಿ ಬೆಲ್ಲ ನೀರು, ಎರಡನೆಯದರಲ್ಲಿ ಪುನರ್ಪುಳಿ ಶರಬತ್ತು, ಮೂರನೆಯದರಲ್ಲಿ ಚಾ, ಅದರ ಪಕ್ಕದಲ್ಲಿ ಮಜ್ಜಿಗೆ. "ಅವ್ರ್ ಮನಿಯಂಗ್ ಕುಡ್ದ್ರಿ, ನಮ್ಮನಿಯಂಗ್ ಬೇಡ್ದಾ?" ಎಂದರೆ ಏನು ಮಾಡುವುದು? ಲೆಕ್ಕ ಏರಿದಂತೆ ಅವನ ಹೊಟ್ಟೆಯೂ ಏರಿತು. ಕಡಲ ಕೇರಿಗೆ ಮುಟ್ಟುವಾಗ ಸ್ಕೂಟರು ಹೊಂಡಕ್ಕೆ ಬಿದ್ದರೆ ಹೊಟ್ಟೆಯೊಳಗಿಂದ ತೆರೆ ಅಪ್ಪಳಿಸುವ ಸದ್ದು. ಒಂದು ನಾಯಿ ಪ್ಯಾಂಟಿನ ಹಿಂಬದಿಯನ್ನು ಸ್ವಲ್ಪ ಇಟ್ಟುಕೊಂಡಿತು. ವಿನಯಾ ಮಾತ್ರ ತಣ್ಣಗಾದಳು. "ಹಾಂ, ಹೀಂಗ್ ಮನಿಗ್ ಬಂದ್ ಹೇಳೂದಪ್ಪ ಮರ್ಯಾದಿ. ಕೂಕಣಿ, ಎಳ್ನೀರ್ ಕೆತ್ತಿ ಕೊಡ್ತೆ."

ಅಷ್ಟು ಹೊತ್ತೂ ಕಿಸೆಯೊಳಗೆ ಫೋನು ಬಡಿದುಕೊಳ್ಳುತ್ತಲೇ ಇತ್ತು. ಒಂದು ಕರೆ ಮುಗಿದರೆ ಇನ್ನೊಂದು.

ದೀಪ ಹಚ್ಚುವ ಹೊತ್ತಿಗೆ ಅವನು ಚಂದಯ್ಯನವರ ಹೊಸ ಮನೆಯ ಚಪ್ಪರದಡಿ ಬಂದು ನಿಂತ. ಹರಿದ ಪ್ಯಾಂಟಿಗೆ ಕೈ ಅಡ್ಡ ಹಿಡಿದು, "ನಾನೂರ ಹತ್ತ್" ಎಂದ. ಮಂಜಯ್ಯ ಆಗಲೇ ಒಲೆ ಹೂಡಿಯಾಗಿತ್ತು. ಅಕ್ಕಿ ಅಳೆಯಲು ಎದ್ದ. ಚಂದಯ್ಯನವರು ಎದ್ದು ಬಂದು ಪ್ರೇಮಾನಂದನ ಬೆನ್ನು ತಟ್ಟಿದರು. ಹೊಟ್ಟೆಯ ತೆರೆ ಗಂಟಲವರೆಗೆ ಬಂತು.

"ಕಡಲ್ ಕೇರಿಯವ್ರ್ ಈಗ ಫೋನ್ ಮಾಡಿದ್ರ್, ಭಾರೀ ಖುಷಿ ಆಯಿರ್. ನಿಮ್ಮ್ ಪಿಎಚ್‌ಪಿ ಅಂದ್ರೆ ಪಿಎಚ್‌ಪಿ, ಮಾರಾಯ್ರೆ! ನನ್ನ್ ಮಾತ್ ಮಾತೇ. ನನ್ನ್ ಒಪ್ಗಿ ಇತ್."

ಪ್ರೇಮಾನಂದನ ಎದೆ ಹೊಟ್ಟೆಗಿಂತಲೂ ಮುಂದೆ ಬಂತು. "ಹಾಂಗಾರೆ... ಅಕ್ಷಿತಾ?"

"ಹ್ವಾ, ಅದೊಂದ್ ಹೇಳೂಕಿತ್. ನೀವ್ ಅವಳ್ನೇ ಕೇಣಿ."

ಅಕ್ಷಿತಾ ಒಳಗಿನಿಂದ ಬಂದಳು. ಕೈಯಲ್ಲಿ ಲೋಟ.

"ಆಸ್ರಿ ತಕಣಿ, ಪ್ರೇಮಣ್ಣ."

ಲೋಟಕ್ಕೆ ಚಾಚಿದ ಕೈ ಅಲ್ಲೇ ನಿಂತಿತು. ಹೆಣ್ಣು ನೋಡಿದ ದಿನ ಅವಳ ಬಾಯಲ್ಲಿ ಈ 'ಅಣ್ಣ' ಇರಲಿಲ್ಲ.

"ನಂಗೆ ಒಪ್ಗಿ ಇತ್ ಅಂದೇಳಿ ಬೆಳಿಗ್ಗೆ ನಿಮ್ಗೆ ಫೋನ್ ಮಾಡಿದೆ" ಎಂದಳು. "ಎಂಗೇಜ್. ಮತ್ತೆ ಮಾಡಿದೆ, ಎಂಗೇಜ್. ಬ್ರಹ್ಮಾವರದವ್ರ್ ನಾಕ್ ಗಂಟಿಗೆ ಉತ್ರ ಕೇಂತ್ರ್ ಅಂದೇಳಿ ಅಪ್ಪಯ್ಯ ಹೇಳಿದ್ರ್. ನಿಮ್ಮ್ ಫಾರಂ ಆದ್ರೂ ನೀವ್ ಕಾಂತ್ರಿ ಅಂದೇಳಿ ಅದ್ರಲ್ಲೇ ಹೆಸ್ರ್ ಹಾಕಿ ಬರ್ದೆ. ಬೆಳಿ ಆಯ್ತ್. ಮತ್ತೆ ಬರ್ದೆ. ಕಡಿಗೆ ಹೆಸ್ರ್ ಹಾಕೂಕೂ ಪುರ್ಸೊತ್ತಿಲ್ದೆ ಬರೀ ಓ ಅನ್ನಿ, ಓ ಅನ್ನಿ ಅಂದೆ."

"ಎಷ್ಟ್ ಜನ ಅಂಬಲ್ಲಿ..." ಎಂದು ಪ್ರೇಮಾನಂದ ತೊದಲಿದ.

"ಸೊನ್ನೆ. ನಮ್ಮನಿ ಒಕ್ಲಿಗೆ ನಾನ್ ನೆಂಟ್ಳಾ ಬಪ್ಪುಕೆ?"

ಸೊನ್ನೆಗಳನ್ನು ಒಂದೇ ಏಟಿಗೆ ಅಳಿಸಿದ ಬೆರಳನ್ನು ಪ್ರೇಮಾನಂದ ನೋಡಿಕೊಂಡ.

"ಅಷ್ಟ್ ಕರ್ದ್ರೂ ಓ ಅನ್ದವ್ರ ಸಂಗ್ತಿ ಸಂಸಾರ ಮಾಡೂದ್ ಹ್ಯಾಂಗ್ ಪ್ರೇಮಣ್ಣ? ಶೈಲೇಶನಿಗೆ ಒಂದ್ ಮೆಸೇಜ್ ಹಾಕ್ದೆ. ಕಣ್ಣ್ ಮುಚ್ಚಿ ತೆಗೂದ್ರೊಳ್ಗೆ ಓ ಅಂದ್ರ್." ಲೋಟವನ್ನು ಅವನ ಕೈಗೆ ಕೊಟ್ಟು ಒಳಗೆ ಹೋದಳು. ಈ ಸಲ ತಿರುಗಿ ನೋಡಲಿಲ್ಲ.

ಚಂದಯ್ಯನವರು ಹೆಗಲ ಮೇಲೆ ಕೈ ಹಾಕಿದರು. ಬೆಳಿಗ್ಗೆಯ 'ಪ್ರೇಮಾನಂದ್ರೆ' ಎಲ್ಲಿಗೋ ಹೋಗಿತ್ತು. "ಬೇಜಾರ್ ಮಾಡ್ಕಣ್ಬೇಡ ಮಗಾ. ನೀನ್ ನಮ್ಮನಿ ಮಗ ಇದ್ದಂಗೆ. ಬಪ್ಪ ತಿಂಗ್ಳ್ ಅಕ್ಷಿತಾನ ನಿಶ್ಚಯ. ಅದ್ರ ಲೆಕ್ಕಕ್ಕೂ ನಿಂದೇ ಫಾರಂ, ಬೇರೆಯವ್ರ್ ಬೇಡ. ಆದ್ರೆ ಒತ್ತಿದ್ ಕೂಡ್ಲೇ ಅದ್ ಓ ಅನ್ಕ್. ಎಂತ ಅನ್ಕ್ ಅಂದೇಳಿ ನಾನೇ ಹೇಳ್ತೆ, ಈಗ್ಳೇ ಬರಿ."

ಪ್ರೇಮಾನಂದ ಚಪ್ಪರದ ಕಂಬಕ್ಕೆ ಒರಗಿ ಕೂತು, ಅವರು ಹೇಳಿದ್ದನ್ನು ಹೇಳಿದ ಹಾಗೆ ಮೊಬೈಲಿನಲ್ಲೇ ಬರೆದು ಸೇರಿಸಿದ. ಬೆಳಿಗ್ಗೆ ಇದ್ದಿದ್ದರೆ ಸಂಸಾರವಾಗುತ್ತಿದ್ದ ಸಾಲು.

"ಒಂದ್ ಸಲ ನೀನೇ ತುಂಬ್ಸಿ ಕಾಣ್" ಎಂದರು ಚಂದಯ್ಯ.

ಹೆಸರು, ಪ್ರೇಮಾನಂದ. ಎಷ್ಟು ಜನ, ಒಂದು. ಗುಂಡಿ ಒತ್ತಿದ. ರೆಪ್ಪೆ ಬಡಿಯುವ ಮೊದಲೇ ಫಾರಂ ಉತ್ತರ ಕೊಟ್ಟಿತು:

'ಓ! ನಿಮ್ದ್ ಬಂತ್. ಒಬ್ರೇ ಬಪ್ಪುದಲ್ಲ, ಹೆಂಡ್ತಿ ಮಕ್ಕಳ್ನೆಲ್ಲ ಕರ್ಕಂಡ್ ಬನ್ನಿ.'