ಕೊಟ್ರೇಶಿ ಕಟ್ಟಿದ ಪೆಡಲ್

ಸಾಬೂನಿನ ಡಬ್ಬಿಯಷ್ಟಿದ್ದ ತಗಡಿನ ಪೆಟ್ಟಿಗೆಯನ್ನು ನಡುಮನೆಯಲ್ಲಿಟ್ಟು, ಅದರ ಗುಂಡಿಯ ಮೇಲೆ ಕಾಲಿನ ಹೆಬ್ಬೆರಳಿಟ್ಟು, ಕೊಟ್ರೇಶಿ ಎದೆಯುಬ್ಬಿಸಿ ನಿಂತ.

“ಇದು ಓವರ್‌ಡ್ರೈವ್ ಪೆಡಲ್. ಗಿಟಾರಿಗೂ ಸ್ಪೀಕರಿಗೂ ನಡುವೆ ಇಡೋದು. ತಂತಿ ಮೆಲ್ಲಗೆ ಮೀಟಿದ್ರೂ ಹುಲಿ ಗುರ್ ಅಂದಂಗೆ ಬರ್ತೈತಿ.”

“ಹೋದ ವಾರಾನೂ ಹಂಗೇ ಅಂದ್ರಿ,” ಎಂದಳು ಹೆಂಡತಿ ವಿಶಾಲಾಕ್ಷಿ. “ಬೆಕ್ಕು ಸೀನಿದಂಗೆ ಬಂತು.”

“ಗುಟ್ಟು ತಿಳೀಬಾರ್ದು ಅಂತ ಅಸಲಿ ಪೆಡಲ್ ಒಳಗೆ ಕಪ್ಪು ಅಂಟು ಮೆತ್ತಿರ್ತಾರೆ. ಗೆಳೆಯನ ಕೆಟ್ಟ ಪೆಡಲ್ ತಂದು, ಎಲ್ಲಾ ಕೆರೆದು ನೋಡೀನಿ. ಇದು ಅದರ ಪಡಿಯಚ್ಚು.”

ಅವನ ಹಟಕ್ಕೆ ಕಾರಣವಿತ್ತು. ದಾವಣಗೆರೆಯ ಮದುವೆಗಳಲ್ಲಿ ಹಾಡುವ ಆರ್ಕೆಸ್ಟ್ರಾದಲ್ಲಿ ಅವನು ಗಿಟಾರ್ ನುಡಿಸುತ್ತಿದ್ದ. ಅದರ ಮಾಲೀಕ ಶಿವಯೋಗಿ, “ಗಿಟಾರಿನ ಸದ್ದು ಕೀಬೋರ್ಡಿನಲ್ಲೇ ಬರ್ತೈತಿ. ಭಾನುವಾರದ ರಿಸೆಪ್ಷನ್ನಿನಾಗೆ ಒಬ್ಬರಾದ್ರೂ ನಿನ್ನ ಗಿಟಾರ್ ಕೇಳಿದ್ರೆ ಇರು, ಇಲ್ಲಾಂದ್ರೆ ಮನೀಗೆ ನಡಿ” ಎಂದುಬಿಟ್ಟಿದ್ದ.

ಕೊಟ್ರೇಶಿ ಗುಂಡಿ ಒತ್ತಿ ತಂತಿ ಮೀಟಿದ. ಬೆಕ್ಕು ಸೀನಿತು.

“ಪೂಜೆ ಮಾಡ್ದೆ ಶುರು ಹಚ್ಕೊಂಡ್ರೆ ಇನ್ನೇನಾಗ್ತೈತಿ?” ಎಂದಳು ವಿಶಾಲಾಕ್ಷಿ. ಆ ಮನೆಯಲ್ಲಿ ಸ್ಕೂಟರಿನಿಂದ ಹಿಡಿದು ಮಿಕ್ಸಿಯವರೆಗೆ ಕುಂಕುಮ ಹಚ್ಚಿಸಿಕೊಳ್ಳದ ಯಂತ್ರವೇ ಇರಲಿಲ್ಲ. ಅವನು ಮುಚ್ಚಳ ತೆಗೆದು ಬೆಸುಗೆ ನೋಡುತ್ತಿರುವಾಗಲೇ ಅವಳು ಹಸಿ ಕುಂಕುಮ ಇಟ್ಟಳು. ಒಂದು ಹನಿ ಪೆಟ್ಟಿಗೆಯೊಳಗಿನ ಎರಡು ತಂತಿಗಳ ನಡುವೆ ಬಿತ್ತು.

ಈ ಸಲ ಮೀಟಿದಾಗ ಹುಲಿಯೇ ಬಂತು. ಆದರೆ ಆರತಿ ಎತ್ತಿದ್ದ ವಿಶಾಲಾಕ್ಷಿಯ ಕೈ ಗರಗರನೆ ತಿರುಗತೊಡಗಿತು. ದೀಪ ಆರಿದರೂ ನಿಲ್ಲಲಿಲ್ಲ. ಪಕ್ಕದ ಮನೆಯಲ್ಲಿ ಬೈಕ್ ಒರೆಸುತ್ತಿದ್ದ ಮಹಾರುದ್ರಪ್ಪ ಬಣ್ಣ ಕಿತ್ತು ತಗಡು ಕಾಣುವವರೆಗೂ ಒರೆಸಿದ. ಕೊಟ್ರೇಶಿ ಕಾಲು ತೆಗೆದಾಗಲೇ ಎಲ್ಲವೂ ನಿಂತದ್ದು.

“ಯಾರ್ ಏನ್ ಮಾಡ್ತಿರ್ತಾರೋ ಅದನ್ನೇ ಹೆಚ್ಚಿಗೆ ಮಾಡಿಸ್ತೈತ್ರಿ ಇದು. ಆ ಕುಂಕುಮ ಒರೆಸಿಬಿಡ್ರಿ,” ಎಂದಳು ವಿಶಾಲಾಕ್ಷಿ.

ಒರೆಸಿದ. ಬೆಕ್ಕು ಸೀನಿತು. ಮತ್ತೆ ತಾನೇ ಹಚ್ಚಿದ.

“ಹೆಚ್ಚಿಗೆ ಮಾಡಿಸ್ಲಿ ಬಿಡು. ಕೇಳೋರು ಇನ್ನೂ ಹೆಚ್ಚಿಗೆ ಕೇಳ್ತಾರೆ. ನಂಗೆ ಬೇಕಾಗಿರೋದೂ ಅದೇ ಅಲ್ವಾ?”

ಅವನ ಮುಖ ನೋಡಿ ವಿಶಾಲಾಕ್ಷಿಗೆ ಪಾಪ ಎನಿಸಿತು.

ಭಾನುವಾರ ಕಲ್ಯಾಣ ಮಂಟಪ ಕಿಕ್ಕಿರಿದಿತ್ತು. ತೊಂದರೆ ಒಂದೇ, ರಿಸೆಪ್ಷನ್ನಿನಲ್ಲಿ ಹಾಡು ಯಾರೂ ಕೇಳುವುದಿಲ್ಲ. ಕೊಟ್ರೇಶಿ ಹಲ್ಲು ಕಚ್ಚಿ ಗುಂಡಿ ಒತ್ತಿದ.

ಮದುಮಗನ ಕೈ ಕುಲುಕುತ್ತಿದ್ದ ಸೋದರಮಾವ ಕೈ ಬಿಡಲೇ ಇಲ್ಲ. ಫೋಟೋದವನು ಒಂದೇ ಸಮನೆ ಮಿಂಚಿಸಿ ಮದುಮಗಳು ಕಣ್ಣು ಬಿಡದಂತೆ ಮಾಡಿದ. ಊಟದ ಹಾಲ್‌ನಲ್ಲಿ ಬಡಿಸುವವರು ಓಡಿದರು, ಉಣ್ಣುವವರು ಹೋಳಿಗೆಯನ್ನು ಮಡಿಸದೆ ನುಂಗಿದರು. ಜಾಗಕ್ಕಾಗಿ ಕುರ್ಚಿಗಳ ಹಿಂದೆ ಕಾಯುತ್ತಿದ್ದವರು ಉಣ್ಣುವವರ ನೆತ್ತಿಯ ಮೇಲೆ ಗದ್ದವಿಟ್ಟು ಕಾದರು. ಪಲ್ಲವಿ ಮುಗಿಯುವಷ್ಟರಲ್ಲಿ ಒಂದು ಪಂಕ್ತಿ ಎದ್ದಿತ್ತು. ಕೊಟ್ರೇಶಿಯನ್ನು ತೆಗೆದುಹಾಕಬೇಕೆಂದು ಯೋಚಿಸುತ್ತ ನಿಂತಿದ್ದ ಶಿವಯೋಗಿ, ಅದೊಂದೇ ಹಾಡಿನಲ್ಲಿ ಅವನನ್ನು ಮೂರು ಸಲ ತೆಗೆದುಹಾಕಿದ.

ಮುಂದಿನ ಸಾಲಿನಲ್ಲಿ ವಿಶಾಲಾಕ್ಷಿಯೊಬ್ಬಳೇ ಕೇಳುತ್ತಿದ್ದಳು. ಕೇಳುತ್ತ ಕೇಳುತ್ತ ಅವಳ ಕಿವಿಯಲ್ಲಿ ಬೇರೆಲ್ಲ ಸದ್ದು ಅಡಗಿತು. ಈ ಮನುಷ್ಯ ಇಷ್ಟು ಚೆನ್ನಾಗಿ ನುಡಿಸುತ್ತಾನೆಂದು ತನಗೇ ಗೊತ್ತಿರಲಿಲ್ಲವಲ್ಲ ಎಂದು ಅವಳಿಗೆ ಅಳು ಬಂತು.

ಹಾಡು ಮುಗಿದು ಕೊಟ್ರೇಶಿ ಸಾಮಾನು ಕಟ್ಟುತ್ತಿರುವಾಗ ಅಡುಗೆ ಕಂಟ್ರಾಕ್ಟರ್ ತಿಪ್ಪೇಶಪ್ಪ ಓಡಿ ಬಂದ.

“ನೀವು ಮೀಟಿದ್ದೇ ತಡ, ಎಲ್ಲಾ ಪಂಕ್ತಿನೂ ಮುಗುದ್ವಲ್ರೀ! ಇನ್ಮೇಲೆ ನನ್ನ ಎಲ್ಲಾ ಮದುವೆಗೂ ನೀವೇ ಬರ್ಬೇಕು.”

“ಯಾವ ಹಾಡು ನುಡಿಸ್ಲಿ?” ಕೊಟ್ರೇಶಿಯ ಮುಖ ಅರಳಿತು.

“ಯಾವ್ದಾದ್ರೂ ನಡೀತೈತಿ. ಯಾರ್ ಕೇಳ್ತಾರೆ?”

ಅರಳಿದ ಮುಖ ಅಲ್ಲೇ ಬಾಡಿತು. ವಿಶಾಲಾಕ್ಷಿ ಕಣ್ಣೊರೆಸಿಕೊಂಡು ಗಿಟಾರಿನ ಚೀಲ ಹೆಗಲಿಗೇರಿಸಿದಳು.

“ನಾನ್ ಕೇಳ್ತೀನಿ ನಡೀರಿ,” ಎಂದಳು. “ಆದ್ರೆ ಹೋಳಿಗೆ ಮಡಿಸ್ಕೊಂಡು, ನಿಧಾನಕ್ಕೆ ಊಟ ಮುಗಿಸಿದ ಮೇಲೆ ಕೇಳ್ತೀನಿ.”