ಪಟ್ಟೀಲಿ ಇಲ್ಲದವನ ರಕ್ತ

ರಕ್ತ ಕೊಡಿ ಅಂದ್ರೆ ಜನ ನನ್ನ ಸೂಜಿ ನೋಡಲ್ಲ, ಮುಖ ನೋಡ್ತಾರೆ. ಇಪ್ಪತ್ತು ವರ್ಷದಿಂದ ಲ್ಯಾಬ್ ಕೆಲಸ, ಇಪ್ಪತ್ತು ವರ್ಷದಿಂದ ಅದೇ ಅನುಮಾನದ ನೋಟ. ಈ ಸಲದ ಕೆಲಸ ಇನ್ನೂ ವಿಚಿತ್ರ. ರಕ್ತದಿಂದ ಹರಡೋ ಹೆಪಟೈಟಿಸ್ ಬಿ ಯಾವ್ಯಾವ ಥರದ ಜನರಲ್ಲಿ ಎಷ್ಟೆಷ್ಟಿದೆ ಅಂತ ನೋಡ್ಬೇಕು. ಆಟೋದವ್ರು, ಕಟಿಂಗ್ ಶಾಪಿನವ್ರು, ಕೂಲಿಯವ್ರು, ರೈತರು. ಒಂದು ಗುಂಪು ತಪ್ಪಿದ್ರೂ ಕೆಲಸವೆಲ್ಲ ದಂಡ ಅಂದಿದ್ರು ಡಾಕ್ಟರ್.

೧. ನಮ್ಮ ಮೇಲೇ ಯಾಕೆ?

ರಾಬರ್ಟ್‌ಸನ್‌ಪೇಟೆ ಆಟೋ ಸ್ಟ್ಯಾಂಡು. ಮೊದಲನೇ ಡ್ರೈವರೇ ಗುರಾಯಿಸ್ದ. "ಎನ್ನ ಸಾರ್, ಏನಿದು, ನಮ್ಮ ಮೇಲೇ ಡೌಟಾ?"

"ಡೌಟಲ್ಲಪ್ಪ, ಎಲ್ಲಾರ್ದೂ ತಗೋತೀವಿ" ಅಂತ ಪಟ್ಟಿ ತೋರಿಸ್ದೆ. ಬೆರಳಿಟ್ಟು ಪೂರ್ತಿ ಓದ್ದ.

"ಆಸ್ಪತ್ರೆಯವ್ರೇ ಇಲ್ವಲ್ಲ ಸಾರ್?"

"ಅವ್ರದ್ದು ಬೇರೆ ಪಟ್ಟಿ" ಅಂದೆ. ಅಂಥದ್ದೊಂದು ಇದೆಯೋ ಇಲ್ವೋ ನಂಗೂ ಗೊತ್ತಿಲ್ಲ. ಪೇಷಂಟಿಗೆ ಚುಚ್ಚಿದ ಸೂಜಿ ಎರಡು ಸಲ ನನ್ನ ಬೆರಳಿಗೂ ಚುಚ್ಚಿದೆ, ಪರೀಕ್ಷೆ ಮಾಡಿಸ್ಕೊಳ್ಳೋ ಧೈರ್ಯ ಮಾತ್ರ ಇನ್ನೂ ಬಂದಿಲ್ಲ. ಅದನ್ನ ಅವನಿಗೆ ಹೇಳಕ್ಕಾಗುತ್ತಾ?

ಅವನು ತೋಳು ಚಾಚ್ದ. "ಮೀಟರ್ ಆಕಿ ತಗೊಳ್ಳಿ ಸಾರ್. ನಾವಂತೂ ಆಕಲ್ಲ, ನೀವಾದ್ರೂ ಆಕಿ."

೨. ಅರ್ಧ ಮೀಸೆ

ಬೇತಮಂಗಲದ ಕಟಿಂಗ್ ಶಾಪಿನವನ ಭಯ ಬೇರೆ. "ಎದುರಿಗೇ ರಕ್ತ ತೆಗೆದ್ರೆ ಗಿರಾಕಿ ಬತ್ತಾರಾ ಸಾರ್? ಪರದೆ ಇಂದಕ್ಕೆ ಬನ್ನಿ."

ಹೋದ್ವಿ. ಕುರ್ಚೀಲಿ ಕೂತಿದ್ದ ಗಿರಾಕಿ ಪರದೆ ಸಂದೀಲಿ ಸೂಜಿ ನೋಡಿಬಿಟ್ಟ. ಕತ್ತಿಗೆ ಕಟ್ಟಿದ್ದ ಬಟ್ಟೆ ಸಮೇತ ಬಸ್ ಸ್ಟ್ಯಾಂಡಿಗೆ ಓಡ್ದ.

ಹತ್ತು ನಿಮಿಷಕ್ಕೆ ವಾಪಸ್ ಬಂದ. ಅಂಗಡಿಯವನು ಕೈ ಮುಗಿದ. "ನಂಗೇನೂ ಕಾಯ್ಲೆ ಇಲ್ಲಣ್ಣ, ಬ್ಲೇಡೂ ಒಬ್ಬೊಬ್ರಿಗೆ ಒಂದೊಂದು."

"ಕಾಯ್ಲೆ ಆಮೇಕೆ ನೋಡಾನ ಕಣ್ಲಾ. ಮೊದ್ಲು ಈ ಕಡೆ ಮೀಸೆ ತೆಗಿ. ಬಸ್ಸಲ್ಲಿ ಎಲ್ಲಾರೂ ನಗ್ತಾವ್ರೆ."

೩. ಅಳತೆ

ಕೊನೆಗೆ ಉಳಿದಿದ್ದು ರೈತರು. ಬೂದಿಕೋಟೆ ಕಡೆ ಒಂದು ಹಳ್ಳಿ, ಬೆಳಿಗ್ಗೆ ಹಾಲಿನ ಡೈರಿ ಮುಂದೆ ಟೇಬಲ್ ಹಾಕಿದ್ವಿ. ರಿಪೋರ್ಟು ಹದಿನೈದು ದಿನಕ್ಕೆ ಬರುತ್ತೆ ಅಂದಿದ್ದೇ ತಡ, ಕ್ಯಾನ್ ಹಿಡಿದ ಒಬ್ಬ ಅಜ್ಜಿ ಅಡ್ಡ ನಿಂತ್ಲು.

"ಆಲಿಗೆ ನಿಂತ ಕಾಲಲ್ಲೇ ಚೀಟಿ ಕೊಡ್ತಾರೆ. ರಕ್ತಕ್ಕೆ ಅದಿನೈದು ದಿನ ಯಾಕಪ್ಪಾ? ಅಷ್ಟ್ರಲ್ಲಿ ಯಾರ್ದಕ್ಕೆ ಯಾರ್ದು ಬೆರಸ್ತೀರೋ!"

ಸಾಲಿನಲ್ಲಿದ್ದೋರೆಲ್ಲ ತೋಳು ಇಳಿಸಿಬಿಟ್ರು.

"ಮೊದ್ಲು ನೀನು ಕೊಡು. ಆಮೇಕೆ ನಾವು."

"ನಾನು ಪಟ್ಟೀಲಿಲ್ಲ ಅಜ್ಜಿ."

"ಬರ್ಕೊ."

ಬೇರೆ ದಾರಿ ಇರ್ಲಿಲ್ಲ, ಕೂತೆ. ನನ್ನ ಜೊತೆ ಬಂದಿದ್ದ ನರ್ಸಮ್ಮ ಸೂಜಿ ಚುಚ್ಚಿದ ತಕ್ಷಣ ಆ ಎರಡು ಸಲದ್ದೂ ನೆನಪಾಯ್ತು. "ಸಾಕು, ಸಾಕಮ್ಮ" ಅಂತ ಪಿಸುಗುಟ್ಟಿ ತೋಳು ಎಳ್ಕೊಂಡೆ. ಊರೆಲ್ಲ ನಂಬಿ ಸಾಲಾಗಿ ಕೊಡ್ತು.

ಹದಿನೈದು ದಿನಕ್ಕೆ ಅವರವರ ರಿಪೋರ್ಟಿನ ಲಕೋಟೆ ತಗೊಂಡು ಹೋದೆ. ಯಾರೂ ಒಡೀಲಿಲ್ಲ. ಅಜ್ಜಿ ಕೈ ಚಾಚಿದ್ಲು. "ಮೊದ್ಲು ನಿಂದು."

ಅದು ಮೂರು ದಿನದಿಂದ ನನ್ನ ಜೇಬಲ್ಲೇ ಇತ್ತು. ತೆಗೆದು, ಒಡೀದೆ ಹಿಂದೆ ಮುಂದೆ ತಿರುಗಿಸ್ತಾ ನಿಂತೆ. ಅವಳೇ ಕಿತ್ಕೊಂಡು ಡೈರಿ ಸೆಕ್ರೆಟರಿಗೆ ಕೊಟ್ಲು. ಅವರು ಗಟ್ಟಿಯಾಗಿ ಓದಿದ್ರು: "ಫಲಿತಾಂಶ ಇಲ್ಲ. ರಕ್ತ ಸಾಲದು. ಮತ್ತೆ ತೆಗೀಬೇಕು."

ಅಜ್ಜಿ ನನ್ನ ಶರ್ಟಿನ ತೋಳು ಮಡಿಸ್ತಾ ಊರಿಗೆಲ್ಲ ಕೇಳೋ ಹಂಗೆ ಹೇಳಿದ್ಲು.

"ನೋಡ್ರಪ್ಪಾ, ಊರೆಲ್ಲ ಸರ್ಯಾಗಿ ಆಕವ್ರೆ. ನಮ್ಮ ಡೈರೀಲಿ ಅಳತೆ ಕಮ್ಮಿ ಆಕಿರೋನು ಇವ್ನೊಬ್ನೇ!"